ಗ್ರಂಥಭಂಡಾರಗಳ ಪುನರುಜ್ಜೀವನ

ನಾಶವಾದ ಗ್ರಂಥಭಂಡಾರವೊಂದನ್ನು ಪುನಃ ಜೀವಗೊಳಿಸುವುದು ಸಾಧ್ಯವೇ? ಸಾಧ್ಯವಾದರೆ, ಜೀವಗೊಳ್ಳತಕ್ಕದ್ದು ಯಾವುದು? ಗೋಡೆಗಳೋ, ಗ್ರಂಥಗಳೋ, ಅವುಗಳನ್ನು ಕಾಪಾಡುವ ಕೈಗಳೋ? ಈ ವಿಚಾರವು ಪಂಡಿತರಿಗೆ ಮಾತ್ರ ಸಂಬಂಧಪಟ್ಟದ್ದೆಂದು ನಮ್ಮ ಹಳೆಯ ವಿದ್ಯಾರ್ಥಿನಿಯರಾಗಲಿ ಮಕ್ಕಳ ತಂದೆತಾಯಿಗಳಾಗಲಿ ಭಾವಿಸಬಾರದು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಗಳ ನಮಗೂ ಇದರಲ್ಲಿ ಪಾಲುಂಟೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಗ್ರಂಥಭಂಡಾರವೆಂದೊಡನೆ ಲೋಕವು ನೆನೆಯುವುದು ಐಗುಪ್ತ ದೇಶದ ಅಲೆಕ್ಸಾಂಡ್ರಿಯ ಪಟ್ಟಣವನ್ನು. ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಟಾಲೆಮಿ ವಂಶದ ಅರಸರು ಅಲ್ಲಿ ನಾನಾ ದೇಶಗಳ ಗ್ರಂಥಗಳನ್ನು ಸಂಗ್ರಹಿಸಿದರು. ಕಲ್ಲಿಮಾಕಸನೆಂಬ ವಿದ್ವಾಂಸನು ಅಲ್ಲಿ ಸಿದ್ಧಪಡಿಸಿದ ಗ್ರಂಥಸೂಚಿಯೇ 120 ಸುರುಳಿಗಳಷ್ಟಿತ್ತೆಂದು ಹೇಳುತ್ತಾರೆ. ಭೂಮಿಯ ಸುತ್ತಳತೆಯನ್ನು ಲೆಕ್ಕಹಾಕಿದ ಎರಟೋಸ್ಥೆನೀಸನು ಆ ಭಂಡಾರದ ಅಧಿಕಾರಿಯಾಗಿದ್ದನು. ಇಬ್ರಿಯ ಭಾಷೆಯ ಧರ್ಮಶಾಸ್ತ್ರವು ಗ್ರೀಕ್ ಭಾಷೆಗೆ ಪರಿವರ್ತಿತವಾದದ್ದು ಅದೇ ಪಟ್ಟಣದಲ್ಲಿ. ಅಪೊಸ್ತಲರ ಕೃತ್ಯಗಳಲ್ಲಿ ಬರುವ ವಾಕ್ಚತುರನಾದ ಅಪೊಲ್ಲೋಸನ ಜನ್ಮಸ್ಥಳವೂ ಅದೇ. ಅಂತಹ ಭಂಡಾರವು ಒಂದೇ ರಾತ್ರಿಯ ಬೆಂಕಿಗೆ ಆಹುತಿಯಾಯಿತೆಂಬುದು ಸಾಮಾನ್ಯವಾದ ನಂಬಿಕೆ. ಕ್ರಿಸ್ತಪೂರ್ವ 48ರಲ್ಲಿ ಸೀಸರನ ಯುದ್ಧಕಾಲದಲ್ಲಿ ಬೆಂಕಿ ಬಿದ್ದುದುಂಟು. ಆದರೆ ಅನಂತರವೂ ವಿದ್ವಾಂಸರು ಅಲ್ಲಿದ್ದರು. ಅರಸರ ಆದರ ಕುಗ್ಗಿ, ಪೋಷಣೆ ನಿಂತು, ಕಲಹಗಳು ಹೆಚ್ಚಿ, ಜೀರ್ಣವಾದ ಸುರುಳಿಗಳನ್ನು ಪ್ರತಿಮಾಡುವವರಿಲ್ಲದೆ ಅದು ಶತಮಾನಗಳ ಅವಧಿಯಲ್ಲಿ ಕ್ಷಯಿಸಿತೆಂಬುದೇ ಇಂದಿನ ಚರಿತ್ರಕಾರರಲ್ಲಿ ಅನೇಕರ ಅಭಿಪ್ರಾಯ.

ಆ ಹಳೆಯ ಭಂಡಾರದ ಸ್ಮರಣಾರ್ಥವಾಗಿ ಅದೇ ಕಡಲತೀರದಲ್ಲಿ ನೂತನ ಗ್ರಂಥಾಲಯವೊಂದು 2002ನೆಯ ಇಸವಿ ಅಕ್ಟೋಬರ್ 16ರಂದು ಪ್ರಾರಂಭವಾಯಿತು. ಉದಯಿಸುವ ಸೂರ್ಯಬಿಂಬದಂತೆ ವಾಲಿದ ವೃತ್ತಾಕಾರದ ಮೇಲ್ಛಾವಣಿ, ಜಗತ್ತಿನ ನಾನಾ ಲಿಪಿಗಳ ಅಕ್ಷರಗಳನ್ನು ಕೆತ್ತಿದ ಕಲ್ಲುಗೋಡೆ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ವಿಶಾಲವಾದ ವಾಚನಮಂದಿರ, ಇವೆಲ್ಲ ಅಲ್ಲಿಯ ವಿಶೇಷಗಳು. ಅಲ್ಲಿ 80 ಲಕ್ಷ ಪುಸ್ತಕಗಳಿಗೆ ಸ್ಥಳವುಂಟು. ಆದರೂ ಕಳೆದುಹೋದ ಒಂದು ಸುರುಳಿಯನ್ನಾದರೂ ಆ ಭವ್ಯ ಸೌಧವು ಮರಳಿ ತರಲಾರದು. ಹೆಸರು ಬದುಕಿತು, ಸ್ಥಳ ಬದುಕಿತು, ಗ್ರಂಥಗಳು ಬದುಕಲಿಲ್ಲ.

ಇನ್ನು ನಮ್ಮ ನಾಡಿನ ಕಡೆಗೆ ತಿರುಗೋಣ. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯಲ್ಲಿ ನಾಗಾವಿ ಎಂಬ ಗ್ರಾಮವಿದೆ. ಪೂರ್ವಕಾಲದಲ್ಲಿ ಅದು ಪ್ರಸಿದ್ಧವಾದ ಘಟಿಕಾಸ್ಥಾನ, ಅಂದರೆ ಉನ್ನತ ವಿದ್ಯಾಪೀಠ. ಚಾಲುಕ್ಯ ಚಕ್ರವರ್ತಿ ಒಂದನೆಯ ಸೋಮೇಶ್ವರನ ದಂಡನಾಯಕನಾದ ಮಧುಸೂದನನು ಅಲ್ಲಿ ವಿದ್ಯಾಶಾಲೆಯನ್ನು ಸ್ಥಾಪಿಸಿದನೆಂದು 1058ರ ಶಾಸನವು ತಿಳಿಸುತ್ತದೆ. 200ಕ್ಕೂ ಮಿಕ್ಕ ವಿದ್ಯಾರ್ಥಿಗಳಿಗೂ ಅವರ ಉಪಾಧ್ಯಾಯರಿಗೂ ಮಾತ್ರವಲ್ಲದೆ, ಆರು ಮಂದಿ ಸರಸ್ವತೀಭಂಡಾರಿಗರಿಗೂ ಅಲ್ಲಿ ಜೀವನೋಪಾಯವನ್ನು ಕಲ್ಪಿಸಲಾಗಿತ್ತು. ಸರಸ್ವತೀಭಂಡಾರವೆಂದರೆ ಪುಸ್ತಕಾಲಯ, ಭಂಡಾರಿಗರೆಂದರೆ ಅದರ ಪಾಲಕರು. ಪಾಠ ಹೇಳುವವನಿಗೆ ಸಂಬಳವನ್ನು ಯಾರಾದರೂ ಕೊಟ್ಟಾರು. ಪುಸ್ತಕಗಳನ್ನು ನೋಡಿಕೊಳ್ಳುವುದಕ್ಕೆಂದೇ ಆರು ಮಂದಿಯನ್ನು ನೇಮಿಸಿದ ಆ ದಾನಿಯ ದೂರದೃಷ್ಟಿಯು ಮೆಚ್ಚತಕ್ಕದ್ದು. ಇಂದು ನಾಗಾವಿಯಲ್ಲಿ ಅರವತ್ತು ಕಂಬದ ಗುಡಿಯೇ ಮೊದಲಾದ ಶಿಥಿಲ ಕಟ್ಟಡಗಳನ್ನು ಕಾಣಬಹುದು. ಓಲೆಗಳು ಮಾತ್ರ ಇಲ್ಲ.

ಓಲೆಗಳು ಯಾತಕ್ಕೆ ಉಳಿಯುವುದಿಲ್ಲವೆಂಬುದನ್ನು ಅರಿಯಬೇಕಾದರೆ ಅವುಗಳ ಸ್ವಭಾವವನ್ನು ತಿಳಿಯಬೇಕು. ತಾಳೆಗರಿಯನ್ನು ಬೇಯಿಸಿ, ಒಣಗಿಸಿ, ನುಣುಪುಮಾಡಿ, ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆದು, ಮೇಲೆ ಮಸಿಯನ್ನು ಸವರಿ ಒರೆಸುವರು. ಕೊರೆದ ಗೆರೆಗಳಲ್ಲಿ ಮಾತ್ರ ಕಪ್ಪು ನಿಲ್ಲುವುದು. ರಂಧ್ರಗಳಲ್ಲಿ ದಾರವನ್ನು ಪೋಣಿಸಿ ಎರಡು ಹಲಗೆಗಳ ನಡುವೆ ಕಟ್ಟಿದರೆ ಗ್ರಂಥವಾಯಿತು. ಕೆಲವು ನೂರು ವರುಷಗಳಲ್ಲಿ ಹುಳುಗಳೂ ತೇವವೂ ಅದನ್ನು ತಿಂದುಬಿಡುವುವು. ಅಷ್ಟರೊಳಗೆ ಇನ್ನೊಂದು ಪ್ರತಿಯಾಗದಿದ್ದರೆ ಗ್ರಂಥವೇ ಇಲ್ಲವಾಗುವುದು. ಆದಕಾರಣ ಪ್ರತಿಮಾಡಿಸುವುದೇ ನಮ್ಮ ಹಿರಿಯರಿಗೆ ಗ್ರಂಥರಕ್ಷಣೆಯ ಮುಖ್ಯ ಮಾರ್ಗವಾಗಿತ್ತು.

ಈ ಪುಣ್ಯಕಾರ್ಯದಲ್ಲಿ ಸ್ತ್ರೀಯರೇ ಅಗ್ರಗಣ್ಯರಾಗಿದ್ದರೆಂಬುದನ್ನು ನಮ್ಮ ಶಾಲೆಯ ಸೋದರಿಯರು ವಿಶೇಷವಾಗಿ ಗಮನಿಸಬೇಕು. 10ನೆಯ ಶತಮಾನದ ಅತ್ತಿಮಬ್ಬೆಯು ಪೊನ್ನಕವಿಯ ಶಾಂತಿಪುರಾಣದ 1000 ಪ್ರತಿಗಳನ್ನು ಬರೆಯಿಸಿ ದಾನಮಾಡಿದಳು. ಮುದ್ರಣಯಂತ್ರವಿಲ್ಲದ ಕಾಲದಲ್ಲಿ ಒಂದೊಂದು ಪ್ರತಿಯೂ ಒಬ್ಬ ಲಿಪಿಕಾರನ ಬಹುದಿನಗಳ ದುಡಿಮೆಯೆಂಬುದನ್ನು ನೆನೆದರೆ ಆ ದಾನದ ಹಿರಿಮೆಯು ತಿಳಿಯುವುದು. ಹಡಗಲಿಯಿಂದ ತುಂಗಭದ್ರೆಯನ್ನು ದಾಟಿ ಗದಗಿನ ಕಡೆಗೆ ಹೋಗುವವರು ಲಕ್ಕುಂಡಿಯಲ್ಲಿ ಆಕೆಯು ಕಟ್ಟಿಸಿದ ಬಸದಿಯನ್ನು ಇಂದಿಗೂ ನೋಡಬಹುದು. ಮೂಡಬಿದಿರೆಯಲ್ಲಿ ರಕ್ಷಿತವಾಗಿದ್ದ ಮಹಾಬಂಧವೆಂಬ ಜೈನಾಗಮದ ಓಲೆಪ್ರತಿಯನ್ನು ಬರೆಯಿಸಿ ಮಾಘನಂದಿ ಮುನಿಗೆ ಅರ್ಪಿಸಿದವಳೂ ಮಲ್ಲಿಕಬ್ಬೆಯೆಂಬ ಸ್ತ್ರೀಯೇ.

ಹಾಗಾದರೆ ನಾಗಾವಿಯಂತಹ ಭಂಡಾರಗಳ ಕೆಲಸವನ್ನು ಆಧುನಿಕ ಕಾಲದಲ್ಲಿ ಯಾರು ಮುಂದುವರಿಸಿದರು? ಇದನ್ನು ಪ್ರತ್ಯಕ್ಷ ಕಾಣಬಯಸುವವರು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವನ್ನು ಸಂದರ್ಶಿಸಬೇಕು. ಚಾಮರಾಜ ಒಡೆಯರ ಕಾಲದಲ್ಲಿ, 1891ರಲ್ಲಿ, ಓರಿಯಂಟಲ್ ಲೈಬ್ರರಿ ಎಂಬ ಹೆಸರಿನಿಂದ ಪ್ರಾರಂಭವಾದ ಈ ಸಂಸ್ಥೆಯು 1916ರಲ್ಲಿ ವಿಶ್ವವಿದ್ಯಾನಿಲಯಕ್ಕೆ ಸೇರಿತು. ಅಲ್ಲಿ ಸಹಸ್ರಾರು ಓಲೆಯ ಕಟ್ಟುಗಳಿವೆ. ಓಲೆಗಳಿಗೆ ನಿಂಬೆಹುಲ್ಲಿನ ಎಣ್ಣೆಯನ್ನು ಸವರುವರು. ಅದರಿಂದ ಗರಿಗಳು ಮೃದುವಾಗುವುವು, ಹುಳುಗಳು ದೂರವಾಗುವುವು. 1905ರಲ್ಲಿ ಆ ಲೈಬ್ರರಿಯ ಆರ್. ಶಾಮಶಾಸ್ತ್ರಿಗಳು ಗ್ರಂಥಲಿಪಿಯ ಒಂದು ಓಲೆಪ್ರತಿಯನ್ನು ಪರಿಶೀಲಿಸಿ, ಅನ್ಯ ಗ್ರಂಥಗಳ ಉಲ್ಲೇಖದಿಂದ ಮಾತ್ರ ತಿಳಿದಿದ್ದ ಕೌಟಿಲ್ಯನ ಅರ್ಥಶಾಸ್ತ್ರವೇ ಅದೆಂದು ಕಂಡುಹಿಡಿದರು. 1909ರಲ್ಲಿ ಅದರ ಮೂಲವು ಅಚ್ಚಾಯಿತು. 1915ರಲ್ಲಿ ಇಂಗ್ಲೀಷು ಭಾಷಾಂತರವು ಹೊರಬಂದಿತು. ಅಲೆಕ್ಸಾಂಡ್ರಿಯದ ನೂತನ ಸೌಧಕ್ಕೆ ಅಸಾಧ್ಯವಾದುದನ್ನು ಓಲೆಯನ್ನು ತಾಳ್ಮೆಯಿಂದ ಓದಿದ ಒಬ್ಬ ಗ್ರಂಥಪಾಲಕರು ಸಾಧಿಸಿದರು.

ಮಿಶನ್ ಶಾಲೆಗಳ ಮಕ್ಕಳಾದ ನಾವು ಇನ್ನೊಂದು ಋಣವನ್ನೂ ಸ್ಮರಿಸಬೇಕಾಗಿದೆ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸರು 1810ರಲ್ಲಿ ಬಳ್ಳಾರಿಗೆ ಬಂದು ಸತ್ಯವೇದದ ಕನ್ನಡ ಭಾಷಾಂತರಕ್ಕಾಗಿ ವರ್ಷಗಟ್ಟಲೆ ಶ್ರಮಿಸಿದರು. ಮಂಗಳೂರಿನ ಬಾಸೆಲ್ ಮಿಶನ್ನಿನ ಮೋಗ್ಲಿಂಗರು 1848ರಿಂದ ಹಳಗನ್ನಡ, ನಡುಗನ್ನಡ ಕೃತಿಗಳನ್ನು ಹಸ್ತಪ್ರತಿಗಳಿಂದ ಸಂಗ್ರಹಿಸಿ ಮುದ್ರಿಸತೊಡಗಿದರು. ಆ ಮಾಲೆಗೆ ಅವರಿಟ್ಟ ಹೆಸರು ಬಿಬ್ಲಿಯೊಥೆಕಾ ಕರ್ನಾಟಿಕಾ. ಕರ್ಣಾಟಕದ ಗ್ರಂಥಭಂಡಾರವೆಂದು ಅದರ ಅರ್ಥ. ಬಸವಪುರಾಣವೂ ದಾಸರ ಪದಗಳೂ ಅದರಲ್ಲಿ ಬೆಳಕು ಕಂಡವು. ಅನ್ಯಮತದ ಗ್ರಂಥವೆಂದು ಅವನ್ನು ಅವರು ಬದಿಗೊತ್ತಲಿಲ್ಲ. 1894ರಲ್ಲಿ ಪ್ರಕಟವಾದ ಕಿಟ್ಟೆಲರ ನಿಘಂಟಿಗೂ ಇಂತಹ ಪ್ರಾಚೀನ ಕೃತಿಗಳ ಆಧಾರವಿತ್ತು.

ಈಗ ನಮ್ಮ ಕರ್ತವ್ಯದ ಮಾತು. ನಮ್ಮ ತಾಲ್ಲೂಕುಗಳ ಹಳೆಯ ಮನೆಗಳಲ್ಲಿ, ಅಟ್ಟದ ಮೇಲೋ ದೇವರ ಗೂಡಿನಲ್ಲೋ, ಓಲೆಯ ಕಟ್ಟುಗಳೂ ಕಾಗದದ ಹಳೆಯ ಹಸ್ತಪ್ರತಿಗಳೂ ಇದ್ದರೆ ಇರಬಹುದು. ಅವುಗಳಿಗೆ ಅರಿಸಿನ ಕುಂಕುಮಗಳನ್ನು ಹಚ್ಚಿದ ಮಾತ್ರಕ್ಕೆ, ಇಲ್ಲವೆ ಅರ್ಥವಾಗದೆಂದು ನೀರಿಗೆ ಬಿಟ್ಟ ಮಾತ್ರಕ್ಕೆ ಗೌರವ ಸಲ್ಲಿಸಿದಂತಾಗದು. ಅವನ್ನು ತೊಳೆಯಬಾರದು; ಬಿಸಿಲಿಗೆ ಹಾಕಬಾರದು; ಒತ್ತಾಯದಿಂದ ಬಿಡಿಸಬಾರದು; ಬಿಡಿ ಓಲೆಗಳ ಅನುಕ್ರಮವನ್ನು ಕೆಡಿಸಬಾರದು. ಯಾರ ಮನೆಯದು, ಯಾವ ಊರಿನಿಂದ ಬಂದದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟು, ಬಲ್ಲವರಿಗೆ ತಿಳಿಸಬೇಕು. ನಮ್ಮ ವಿಜಯನಗರ ಜಿಲ್ಲೆಯಲ್ಲಿಯೇ, ಹಂಪಿಯಲ್ಲಿ 1991ರಲ್ಲಿ ಸ್ಥಾಪಿತವಾದ ಕನ್ನಡ ವಿಶ್ವವಿದ್ಯಾಲಯದಲ್ಲಿ ಹಸ್ತಪ್ರತಿಗಳ ವಿಭಾಗವುಂಟು. ಮೂಲವನ್ನು ಕೊಡಲೊಪ್ಪದವರು ಛಾಯಾಚಿತ್ರ ತೆಗೆಯುವುದಕ್ಕಾದರೂ ಅನುಮತಿಯನ್ನೀಯಬಹುದು. ಅತ್ತಿಮಬ್ಬೆಯು ಲಿಪಿಕಾರರಿಂದ ಮಾಡಿಸಿದ ಕೆಲಸವನ್ನು ಇಂದು ಯಂತ್ರವು ಕ್ಷಣಮಾತ್ರದಲ್ಲಿ ಮಾಡಬಲ್ಲದು. ಆದರೆ ಆ ಛಾಯೆಯನ್ನು ಹೆಸರಿಟ್ಟು, ಪಟ್ಟಿಮಾಡಿ, ಕಾಲಕಾಲಕ್ಕೆ ಹೊಸ ಸಾಧನಗಳಿಗೆ ವರ್ಗಾಯಿಸುವವರಿಲ್ಲದಿದ್ದರೆ ಅದೂ ಓಲೆಯಂತೆಯೇ ಅಳಿದುಹೋಗುವುದು.

ಆದಕಾರಣ ನಮ್ಮ ಮೊದಲನೆಯ ಪ್ರಶ್ನೆಗೆ ನಾವು ಕೊಡಬಹುದಾದ ಉತ್ತರವಿಷ್ಟೆ: ಗೋಡೆಗಳನ್ನು ಧನಿಕರು ಕಟ್ಟಿಸಬಹುದು, ಗ್ರಂಥಗಳನ್ನು ಯಂತ್ರಗಳು ಪ್ರತಿಮಾಡಬಹುದು, ಭಂಡಾರಿಗರನ್ನು ಮಾತ್ರ ಮನೆಗಳೂ ಶಾಲೆಗಳೂ ಸೇರಿಯೇ ಬೆಳೆಸಬೇಕು. ತಮ್ಮ ಹೆಣ್ಣುಮಕ್ಕಳಲ್ಲಿ ಯಾವಳಾದರೂ ಹಳೆಯ ಲಿಪಿಯನ್ನು ಕಲಿಯಬೇಕೆಂದೋ ಗ್ರಂಥಪಾಲನೆಯ ವಿದ್ಯೆಯನ್ನು ಓದಬೇಕೆಂದೋ ಬಯಸಿದರೆ, ತಂದೆತಾಯಿಗಳು ಆ ಬಯಕೆಯನ್ನು ಹಗುರವಾಗಿ ಎಣಿಸದಿರಲಿ. ನಾಗಾವಿಯ ದಂಡನಾಯಕನು ಆ ಕೆಲಸಕ್ಕೆ ಆರು ಮಂದಿ ಬೇಕೆಂದು ಒಂಬೈನೂರು ವರ್ಷಗಳಿಗೂ ಹಿಂದೆಯೇ ತಿಳಿದಿದ್ದನು.