ಕೋಟೆ ಇಳಿದ ಬಸ್ಸು ಭೀಮಸಮುದ್ರಕ್ಕೂ ಹೋಗಲಿ

ಚಿತ್ರದುರ್ಗಕ್ಕೆ ಬರುವ ಪ್ರವಾಸಿ ಬಸ್ಸುಗಳ ದಾರಿ ಹೆಚ್ಚು ಕಡಿಮೆ ಒಂದೇ. ಬೆಳಿಗ್ಗೆ ಕೋಟೆ, ಓಬವ್ವನ ಕಿಂಡಿ, ಏಕನಾಥೇಶ್ವರಿಯ ಗುಡಿ, ಅಕ್ಕ–ತಂಗಿ ಹೊಂಡ. ಊಟದ ಮೇಲೆ ಚಂದ್ರವಳ್ಳಿ. ಹೊತ್ತು ಉಳಿದರೆ ಹಿರಿಯೂರಿನ ಕಡೆ ವಾಣಿವಿಲಾಸ ಸಾಗರ. ಅಲ್ಲಿಂದ ಬಸ್ಸು ಬೆಂಗಳೂರಿಗೋ ಹಂಪಿಗೋ ಮುಖ ಮಾಡುತ್ತದೆ. ದುರ್ಗದ ನೈಋತ್ಯಕ್ಕೆ, ಹೊಳಲ್ಕೆರೆ ಸೀಮೆಗೆ ಹೊಂದಿಕೊಂಡಂತೆ ಗುಡ್ಡಗಳ ಮಗ್ಗುಲಲ್ಲಿರುವ ಭೀಮಸಮುದ್ರ ಈ ದಾರಿಯಲ್ಲಿ ಎಲ್ಲೂ ಬರುವುದಿಲ್ಲ. ಅಡಿಕೆ ವ್ಯಾಪಾರಿಗಳಿಗೆ ಈ ಊರಿನ ಹೆಸರು ಚೆನ್ನಾಗಿ ಗೊತ್ತು. ಅದಿರಿನ ಲಾರಿ ಓಡಿಸುವವರಿಗೂ ಗೊತ್ತು. ದಾವಣಗೆರೆಯಿಂದ ಲೋಕಸಭೆಗೆ ಹೋದ ಜಿ. ಮಲ್ಲಿಕಾರ್ಜುನಪ್ಪ ಮತ್ತು ಅವರ ಮಗ ಜಿ.ಎಂ. ಸಿದ್ದೇಶ್ವರ ಇಲ್ಲಿಯವರಾದ್ದರಿಂದ ರಾಜಕೀಯದವರಿಗೂ ಪರಿಚಿತ. ಪ್ರವಾಸಿಗೆ ಮಾತ್ರ ಅಪರಿಚಿತ. ಜಿಲ್ಲೆಯ ಪರಂಪರೆಯನ್ನು ಮಾರ್ಗದರ್ಶಿಯೊಂದಿಗೆ ಬಸ್ಸಿನಲ್ಲಿ ಸುತ್ತಿ ತೋರಿಸುವ ಪ್ರವಾಸ ಅರ್ಥಪೂರ್ಣವಾಗಬೇಕಾದರೆ ಅದರಲ್ಲಿ ಅರ್ಧ ದಿನ ಭೀಮಸಮುದ್ರಕ್ಕೆ ಸಲ್ಲಬೇಕು ಎಂಬುದು ನನ್ನ ವಾದ. ಕೋಟೆಯಲ್ಲಿ ಕಲ್ಲಾಗಿ ನಿಂತಿರುವ ಕಥೆಯೇ ಇಲ್ಲಿ ಇನ್ನೂ ದಿನದ ದುಡಿಮೆಯಾಗಿ ನಡೆಯುತ್ತಿದೆ.

ಆ ಕಥೆ ನೀರಿನದು. ಏಳು ಸುತ್ತಿನ ಕೋಟೆಯನ್ನು ನಾವು ಯುದ್ಧದ ಕಟ್ಟಡವೆಂದೇ ನೋಡುತ್ತೇವೆ. 1568ರಲ್ಲಿ ಮತ್ತಿ ತಿಮ್ಮಣ್ಣ ನಾಯಕನಿಂದ ಮೊದಲಾಗಿ 1779ರಲ್ಲಿ ಹೈದರಾಲಿಯ ಕೈಗೆ ದುರ್ಗ ಬೀಳುವವರೆಗೆ ಇನ್ನೂರು ವರ್ಷಕ್ಕೂ ಮಿಕ್ಕಿ ಪಾಳೆಯಗಾರರು ಇಲ್ಲಿ ಬಾಳಿದರು. ಇದಕ್ಕೆ ಬುರುಜುಗಳಷ್ಟೇ ಕಾರಣವಲ್ಲ. ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡ ತುಂಬಿ, ಅಲ್ಲಿಂದ ಅಕ್ಕ–ತಂಗಿ ಹೊಂಡಕ್ಕೆ ಹರಿದು, ಮತ್ತೆ ಕೆಳಗಿಳಿದು ಸಿಹಿನೀರು ಹೊಂಡ, ಊರೊಳಗಿನ ಸಂತೆ ಹೊಂಡಗಳನ್ನು ಸೇರುವ ಏರ್ಪಾಡು ಆ ಕಾಲದವರ ನಿಜವಾದ ಸಾಧನೆ. ಅದಕ್ಕೂ ಹಿಂದಕ್ಕೆ ಹೋದರೆ ಚಂದ್ರವಳ್ಳಿಯಲ್ಲಿ ಬಂಡೆಯ ಮೇಲೆ ಕದಂಬ ಮಯೂರಶರ್ಮನ ಪ್ರಾಕೃತ ಶಾಸನವಿದೆ. ತಾನು ಗೆದ್ದ ನಾಡುಗಳ ಪಟ್ಟಿಯ ಜೊತೆಗೆ ಅವನು ಅಲ್ಲಿ ಬರೆಸಿರುವುದು ಕೆರೆ ಕಟ್ಟಿಸಿದ ಸುದ್ದಿಯನ್ನು. ನಾಲ್ಕನೆಯ ಶತಮಾನದ ದೊರೆಯೊಬ್ಬ ದಿಗ್ವಿಜಯದ ಸಾಲಿನಲ್ಲೇ ಕೆರೆಯನ್ನೂ ಇಟ್ಟನೆಂದರೆ ಈ ನೆಲದಲ್ಲಿ ನೀರು ನಿಲ್ಲಿಸುವುದು ಎಷ್ಟು ದೊಡ್ಡ ಕೆಲಸವಾಗಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಇಂದಿಗೂ ಕೆರೆ ಕಟ್ಟಿಸಿದ ಪುಣ್ಯಪುರುಷನೆಂದೇ ನೆನೆಯುತ್ತಾರೆ. ವೇದಾವತಿಗೆ ಮಾರಿಕಣಿವೆಯಲ್ಲಿ 1898ರಿಂದ 1907ರ ನಡುವೆ ಮೈಸೂರು ಅರಸರು ವಾಣಿವಿಲಾಸ ಸಾಗರದ ಅಣೆಕಟ್ಟು ಕಟ್ಟಿದರು. ಅದು ಮೊದಲ ಬಾರಿ ಕೋಡಿ ಬಿದ್ದದ್ದು 1933ರಲ್ಲಿ, ಆಮೇಲೆ ಬಿದ್ದದ್ದು 89 ವರ್ಷದ ನಂತರ, 2022ರಲ್ಲಿ. ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು ಮಳೆ ಕಾಣುವ ಜಿಲ್ಲೆಯ ಇತಿಹಾಸವೆಂದರೆ ಕೆರೆ, ಹೊಂಡ, ಏರಿ, ತೂಬುಗಳ ಇತಿಹಾಸ.

ಈಗ ಭೀಮಸಮುದ್ರವನ್ನು ನೋಡಬೇಕು. ಊರಿಗೆ ಹೆಸರು ತಂದದ್ದೇ ಅದರ ಕೆರೆ. ಸುತ್ತ ಗುಡ್ಡ, ನಡುವೆ ನೀರು, ಏರಿಯ ಕೆಳಗೆ ಅಡಿಕೆ ಮತ್ತು ತೆಂಗಿನ ತೋಟ. ಚಿತ್ರದುರ್ಗದ ಬಿಸಿಲು ಬಂಡೆಗಳನ್ನು ಕಂಡು ಬಂದವರಿಗೆ ಇದು ಬೇರೆಯೇ ಸೀಮೆ ಅನ್ನಿಸುತ್ತದೆ. ಅಡಿಕೆ ಮಲೆನಾಡಿನ ಮರ. ಆಗುಂಬೆ, ತೀರ್ಥಹಳ್ಳಿಯ ಮಳೆಯಲ್ಲಿ ಅದು ಬೆಳೆಯುವುದರಲ್ಲಿ ವಿಶೇಷವಿಲ್ಲ. ಬಯಲುಸೀಮೆಯಲ್ಲಿ ಅದು ಬೇರು ಬಿಟ್ಟಿದ್ದು ಕೆರೆಯ ದೆಸೆಯಿಂದ. ಮುಂಗಾರು ಒಳ್ಳೆಯದಾಗಿ ಕೆರೆಗೆ ನೀರು ಬಂದರೆ ಕೆಳಗಿನ ಬಾವಿಗಳು ಮೇಲೇಳುತ್ತವೆ, ತೋಟ ಉಳಿಯುತ್ತದೆ. ಮಳೆ ಕೈಕೊಟ್ಟರೆ ಟ್ಯಾಂಕರ್ ನೀರು ಹೊಡೆಸಿ ಮರ ಉಳಿಸಿಕೊಳ್ಳುವ ಪಾಡು ಈ ಭಾಗದ ಬೆಳೆಗಾರರಿಗೆ ಹೊಸದಲ್ಲ. ದುರ್ಗದ ಹೊಂಡಗಳಲ್ಲಿ ನೀರನ್ನು ಕಾಪಾಡಿದವರು ಈಗ ಇಲ್ಲ. ಇಲ್ಲಿ ಆ ಕೆಲಸ ಇನ್ನೂ ಮುಗಿದಿಲ್ಲ; ಅದನ್ನು ಮಾಡುವವರನ್ನು ಕಾಣಬಹುದು, ಮಾತಾಡಿಸಬಹುದು. ದುರ್ಗದ ಬೆಟ್ಟದ ಮೇಲೆ ಹಿಡಿಂಬೇಶ್ವರನ ಗುಡಿಯಲ್ಲಿ ಭೀಮ–ಹಿಡಿಂಬರ ಕಥೆ ಕೇಳಿಸಿಕೊಂಡು ಬಂದವರಿಗೆ ಈ ಊರಿನ ಹೆಸರು ಕಿವಿಗೆ ಬಿದ್ದಾಗ ಆ ಕಥೆ ಮತ್ತೆ ನೆನಪಾಗುವುದೂ ಸಹಜ.

ಹಂಗಾಮಿನಲ್ಲಿ ಬಂದರೆ ನೋಡಲು ಇನ್ನೂ ಹೆಚ್ಚಿನದಿದೆ. ಆಗಸ್ಟ್ ಕಳೆಯುತ್ತಿದ್ದಂತೆ ಗೊನೆ ಇಳಿಸುವ ಕೆಲಸ ಶುರುವಾದರೆ ಸಂಕ್ರಾಂತಿಯ ಹೊತ್ತಿನವರೆಗೂ ಊರು ಅಡಿಕೆಯ ಸುತ್ತಲೇ ತಿರುಗುತ್ತದೆ. ಇನ್ನೂ ಹಣ್ಣಾಗದ ಹಸಿರು ಕಾಯಿಯನ್ನೇ ಕೊಯ್ದು, ಸಿಪ್ಪೆ ಸುಲಿದು, ದೊಡ್ಡ ಹಂಡೆಗಳಲ್ಲಿ ಬೇಯಿಸುತ್ತಾರೆ. ಬೇಯಿಸಿದ ನೀರು ಮತ್ತೆ ಮತ್ತೆ ಕುದಿದು ಗಟ್ಟಿಯಾದಾಗ ಅದೇ ಚೊಗರು. ಅಡಿಕೆಗೆ ಕೆಂಪು ಬಣ್ಣ, ಹೊಳಪು ಕೊಡುವುದು ಇದೇ. ಎಷ್ಟು ಬೇಯಬೇಕು, ಚೊಗರು ಎಷ್ಟು ಬೀಳಬೇಕು ಎಂಬುದನ್ನು ಕಣ್ಣಳತೆಯಲ್ಲೇ ಹೇಳುವವರಿದ್ದಾರೆ. ಆಮೇಲೆ ಕಣದಲ್ಲಿ ಹರಡಿ ಒಣಗಿಸುವುದು, ಮೋಡ ಕಂಡರೆ ಓಡಿ ಬಾಚಿ ಗುಡ್ಡೆ ಮಾಡುವುದು, ಒಣಗಿದ್ದನ್ನು ಆರಿಸಿ ರಾಶಿ, ಬೆಟ್ಟೆ, ಅಪಿ, ಕೆಂಪುಗೋಟು ಎಂದು ಬೇರೆ ಮಾಡುವುದು. ತೋಟವನ್ನೇ ಹಂಗಾಮಿಗೆ ಗುತ್ತಿಗೆ ಹಿಡಿಯುವ ಖೇಣಿದಾರ, ಮರದಿಂದ ಮರಕ್ಕೆ ಬಾಗಿ ಗೊನೆ ಕೊಯ್ಯುವ ಕೊನೆಗಾರ, ಮುಂಜಾವದಿಂದ ಸುಲಿಯಲು ಕೂರುವ ಹೆಂಗಸರು, ಈಗ ಅವರ ಜಾಗಕ್ಕೆ ಬಂದಿರುವ ಸುಲಿಯುವ ಯಂತ್ರ, ಮಂಡಿಯ ವರ್ತಕ: ಒಂದು ಬೆಳೆಯ ಸುತ್ತ ಇಷ್ಟು ಬಗೆಯ ಕಸುಬು, ಲೆಕ್ಕಾಚಾರ, ನಂಬಿಕೆ ಸೇರಿಕೊಂಡಿರುವುದನ್ನು ಒಂದೇ ಊರಿನಲ್ಲಿ ತೋರಿಸಬಹುದಾದ ಅವಕಾಶ ಸುಲಭವಾಗಿ ಸಿಗುವಂಥದ್ದಲ್ಲ. ವಿವರಿಸುವವರಿಲ್ಲದಿದ್ದರೆ ಪ್ರವಾಸಿಗೆ ಕಾಣುವುದು ಕಣದ ತುಂಬ ಹರಡಿದ ಕೆಂಪು ಕಾಯಿ ಅಷ್ಟೇ.

ಬಸ್ಸಿನಲ್ಲಿ ಮಾರ್ಗದರ್ಶಿಯ ಜೊತೆ ಒಂದು ನಾಡನ್ನು ಸುತ್ತುವ ಪ್ರವಾಸವನ್ನು ಬೇರೆಯವರು ಹೇಗೆ ನಡೆಸುತ್ತಾರೆ ಎಂಬುದಕ್ಕೆ ಐರ್ಲೆಂಡ್, ಸ್ಕಾಟ್ಲೆಂಡ್, ವೇಲ್ಸ್‌ನಂಥ ಕೆಲ್ಟಿಕ್ ನಾಡುಗಳು ಒಳ್ಳೆಯ ಉದಾಹರಣೆ. ಅವರಿಗೂ ನಮಗೂ ಹಳೆಯದೊಂದು ನಂಟಿದೆ. ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 1860ರ ದಶಕದಲ್ಲಿ ರಾಯಲ್ ಐರಿಷ್ ಅಕಾಡೆಮಿಗೆ ಬರೆದ ಪ್ರಬಂಧದಲ್ಲಿ ರಾಜನಕೋಳೂರು ಮೊದಲಾದೆಡೆಯ ಕಲ್ಲುಗೋರಿಗಳನ್ನು ತನ್ನ ದ್ವೀಪಗಳ ಕೆಲ್ಟಿಕ್ ಸ್ಮಾರಕಗಳ ಸಾಲಿಗೆ ಸೇರಿಸಿದ್ದ. ಆ ಹೋಲಿಕೆ ಮುಂದೆ ನಿಜವಾಗಿ ಉಳಿಯಲಿಲ್ಲ. ಐರ್ಲೆಂಡಿನ ನ್ಯೂಗ್ರೇಂಜ್ ಗೋರಿ ಕ್ರಿ.ಪೂ. 3200ರ ಸುಮಾರಿನದು, ಕೆಲ್ಟರಿಗಿಂತ ಎಷ್ಟೋ ಹಳೆಯದು. ನಮ್ಮ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದ ಗೋರಿಗಳು ಕಬ್ಬಿಣ ಬಳಸುತ್ತಿದ್ದ ಜನರವು. ಆದರೆ ಐರ್ಲೆಂಡಿನವರು ತಮ್ಮ ಗೋರಿಯನ್ನು ತೋರಿಸುವ ರೀತಿಯಿಂದ ನಾವು ಕಲಿಯಬೇಕು. ನ್ಯೂಗ್ರೇಂಜಿನ ಒಳಗೆ ಯಾರೂ ತಾವಾಗಿ ನುಗ್ಗುವಂತಿಲ್ಲ. ಬಾಯ್ನ್ ನದಿಯಾಚೆಯ ಕೇಂದ್ರದಲ್ಲಿ ಇಳಿದು, ಅಲ್ಲಿನ ಬಸ್ಸಿನಲ್ಲೇ ಹೋಗಿ, ಮಾರ್ಗದರ್ಶಿಯ ಜೊತೆಗೆ ಸಣ್ಣ ಗುಂಪಾಗಿ ಒಳಹೊಕ್ಕು ಬರಬೇಕು. ವೇಲ್ಸ್‌ನಲ್ಲಂತೂ ದುಡಿಮೆಯ ಜಾಗಗಳನ್ನೇ ಪರಂಪರೆಯೆಂದು ಗೌರವಿಸಿದ್ದಾರೆ. 1980ರಲ್ಲಿ ಮುಚ್ಚಿದ ‘ಬಿಗ್ ಪಿಟ್’ ಕಲ್ಲಿದ್ದಲು ಗಣಿ 1983ರಲ್ಲಿ ವಸ್ತುಸಂಗ್ರಹಾಲಯವಾಯಿತು. ಅಲ್ಲಿ ದುಡಿದ ಗಣಿ ಕಾರ್ಮಿಕರೇ ಜನರನ್ನು ನೆಲದಡಿಗೆ ಕರೆದೊಯ್ದು ತೋರಿಸಿದರು. ಆ ಸುತ್ತಿನ ಬ್ಲೆನಾವನ್ ಪ್ರದೇಶ 2000ದಲ್ಲಿ, ವಾಯವ್ಯ ವೇಲ್ಸ್‌ನ ಸ್ಲೇಟ್ ಕಲ್ಲಿನ ಗಣಿಸೀಮೆ 2021ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದವು.

ಗಣಿ ಎಂದಾಗ ಭೀಮಸಮುದ್ರದ ಇನ್ನೊಂದು ಮುಖವನ್ನು ಬಚ್ಚಿಡುವಂತಿಲ್ಲ. ಹತ್ತಿರದ ಗುಡ್ಡಗಳಲ್ಲಿ ಕಬ್ಬಿಣದ ಅದಿರಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಅದಿರು ಗಣಿಗಾರಿಕೆ ನಿಲ್ಲಿಸಿ, 2013ರಲ್ಲಿ ಷರತ್ತುಗಳ ಮೇಲೆ ಮತ್ತೆ ಅನುಮತಿ ಕೊಟ್ಟಿತು. ಲಾರಿ, ದೂಳು, ಹದಗೆಟ್ಟ ರಸ್ತೆ ಇವು ಗಣಿಯ ಬದಿಯ ಊರುಗಳ ಬಹುಕಾಲದ ಅಳಲು. ಇಂಥ ಜಾಗಕ್ಕೆ ಪ್ರವಾಸಿಯನ್ನು ಯಾಕೆ ಕರೆತರಬೇಕು ಎಂದು ಕೇಳುವವರಿದ್ದಾರೆ. ಇದೇ ಕಾರಣಕ್ಕೆ ಕರೆತರಬೇಕು ಎಂಬುದು ನನ್ನ ಉತ್ತರ. ಗುಡ್ಡದ ಮೇಲೆ ಬಿದ್ದ ಹನಿ ಹಳ್ಳ ಹಿಡಿದು ಕೆರೆಗೆ ಬರುವ ದಾರಿ ಮತ್ತು ಅದಿರು ಗುಡ್ಡದಿಂದ ಇಳಿಯುವ ದಾರಿ ಎರಡನ್ನೂ ಏರಿಯ ಮೇಲೆ ನಿಂತು ಬಲ್ಲವರು ವಿವರಿಸಿದರೆ, ಜಲಾನಯನ ಎಂಬ ಪಠ್ಯಪುಸ್ತಕದ ಪಾಠ ಹತ್ತು ನಿಮಿಷದಲ್ಲಿ ಮನದಟ್ಟಾಗುತ್ತದೆ. ನೊಂದ ಜಾಗವನ್ನು ಬಿಟ್ಟು ಚೆಂದದ್ದನ್ನಷ್ಟೇ ತೋರಿಸುವ ಪ್ರವಾಸ ಜನರಿಗೆ ನಾಡನ್ನು ಅರ್ಧ ಮಾತ್ರ ಪರಿಚಯಿಸುತ್ತದೆ. ಇಂಗಳದಾಳದ ತಾಮ್ರದ ಗಣಿ, ಮರಡಿಹಳ್ಳಿಯಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಕಾಪಾಡಿರುವ ದಿಂಬಿನಾಕಾರದ ಲಾವಾ ಶಿಲೆ, ಭೀಮಸಮುದ್ರದ ಅದಿರು ಇವನ್ನೆಲ್ಲ ಒಂದೇ ಭೂಮಿಯ ಕಥೆಯಾಗಿ ಹೆಣೆಯಲು ಬರುತ್ತದೆ.

ಅಲ್ಲಿ ನೋಡಲು ಕಟ್ಟಡವೇನಿದೆ ಎಂಬುದು ಎರಡನೆಯ ಆಕ್ಷೇಪ. ಕೋಟೆಯಂಥ ಕೋಟೆ ಇಲ್ಲ, ನಿಜ. ಆದರೆ ದುರ್ಗವನ್ನು ಕನ್ನಡಿಗರ ಮನಸ್ಸಿನಲ್ಲಿ ಕಟ್ಟಿದ್ದು ಕಲ್ಲುಗಳಷ್ಟೇ ಅಲ್ಲ. ತ.ರಾ.ಸು. ಅವರ ಕಾದಂಬರಿಗಳಿಲ್ಲದಿದ್ದರೆ, 1972ರ ‘ನಾಗರಹಾವು’ ಸಿನಿಮಾ ಬಾರದಿದ್ದರೆ, ಓಬವ್ವನ ಕಿಂಡಿಯ ಮುಂದೆ ಈ ಮಟ್ಟಿಗೆ ಸಾಲು ನಿಲ್ಲುತ್ತಿರಲಿಲ್ಲ. ಹೇಳುವವರು ಸಿಕ್ಕಾಗ ಒಂದು ಸಣ್ಣ ಕಿಂಡಿಯೂ ನಾಡಿನ ನೆನಪಾಯಿತು. ಭೀಮಸಮುದ್ರಕ್ಕೆ ಅಂಥ ಹೇಳುವವರು ಬೇಕು. ತೂಬು ಎತ್ತಿ ಇಳಿಸುತ್ತಿದ್ದ ನೀರುಗಂಟಿಗಳ ಕಸುಬು ಏನಿತ್ತು, ಅಚ್ಚುಕಟ್ಟಿನ ನೀರನ್ನು ಸರದಿಯಲ್ಲಿ ಹಂಚುತ್ತಿದ್ದುದು ಹೇಗೆ, ಕೋಡಿ ಬಿದ್ದ ವರ್ಷ ಊರು ಗಂಗೆಗೆ ಬಾಗಿನ ಕೊಡುವುದು ಯಾಕೆ ಎಂಬುದನ್ನು ಬಲ್ಲ ಹಿರಿಯರು ಕೆರೆಯಿರುವ ಊರುಗಳಲ್ಲಿ ಇನ್ನೂ ಇದ್ದಾರೆ. ಅವರ ಮಾತನ್ನು ದಾಖಲಿಸಿ, ಅದರ ಆಧಾರದ ಮೇಲೆ ಸ್ಥಳೀಯ ಯುವಕ–ಯುವತಿಯರನ್ನು ಮಾರ್ಗದರ್ಶಿಗಳಾಗಿ ತಯಾರು ಮಾಡುವುದು ಕಟ್ಟಡ ಕಟ್ಟುವುದಕ್ಕಿಂತ ಅಗ್ಗ, ಮತ್ತು ಈಗಲೇ ಆಗಬೇಕಾದ ಕೆಲಸ.

ಮೂರನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಅಡಿಕೆ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಜೊತೆಗೆ ಬರದ ನಾಡಿನಲ್ಲಿ ಕೊಳವೆಬಾವಿ ಕೊರೆಸಿ ಅಡಿಕೆ ವಿಸ್ತರಿಸುತ್ತಿರುವುದು ಅಂತರ್ಜಲಕ್ಕೆ ಪೆಟ್ಟು. ಹೀಗಿರುವಾಗ ಅಡಿಕೆ ಊರನ್ನು ಮೆರೆಸುವುದು ಸರಿಯೇ? ಅಡಿಕೆಯನ್ನು ಮೆರೆಸಬೇಕಿಲ್ಲ; ಅದು ಈ ನಾಡನ್ನು ಹೇಗೆ ರೂಪಿಸಿತು ಎಂಬುದನ್ನು ಬಿಡಿಸಿ ಹೇಳಬೇಕು. ಸ್ಕಾಟ್ಲೆಂಡಿನ ಬಸ್ಸುಗಳು ವಿಸ್ಕಿಯ ಭಟ್ಟಿಗಳ ಮುಂದೆ ನಿಲ್ಲುತ್ತವೆ. ಕುಡಿತದ ಕೆಡುಕು ಅಲ್ಲಿನವರಿಗೆ ಗೊತ್ತಿಲ್ಲವೆಂದಲ್ಲ. ಇಲ್ಲಿ ಆರೋಗ್ಯದ ಮಾತನ್ನು ಮಾರ್ಗದರ್ಶಿಯ ವಿವರಣೆಯೊಳಗೇ ಸೇರಿಸಬೇಕು, ಮಕ್ಕಳ ಗುಂಪಿಗೆ ಇನ್ನೂ ಒತ್ತಿ ಹೇಳಬೇಕು. ಕೆರೆಯ ಕೆಳಗಿನ ಹಳೆಯ ತೋಟಕ್ಕೂ ಸಾವಿರ ಅಡಿಯ ಕೊಳವೆಬಾವಿಯನ್ನು ನಂಬಿದ ಹೊಸ ತೋಟಕ್ಕೂ ಇರುವ ಅಂತರ ಕಂಡರೆ, ಎಷ್ಟು ಅಡಿಕೆಯನ್ನು ಈ ನೆಲ ತಾಳಿಕೊಳ್ಳಬಲ್ಲದು ಎಂಬ ಪ್ರಶ್ನೆ ಕೇಳುಗರಲ್ಲಿ ತಾನಾಗಿ ಏಳುತ್ತದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ 367 ಕೆರೆಗಳನ್ನು ತುಂಬಿಸುವ ಗುರಿಯಿದೆ, ಇತ್ತ ಭರಮಸಾಗರದ ಕೆರೆಗೆ ಏತ ನೀರಾವರಿಯಲ್ಲಿ ತುಂಗಭದ್ರೆ ಬಂದಿದೆ. ಹೊರಗಿನ ನದಿಯ ನೀರು ಬರುತ್ತಿರುವ ಈ ಕಾಲದಲ್ಲಿ ಅದನ್ನು ಯಾವ ಬೆಳೆಗೆ, ಎಷ್ಟು ಎಂದು ತೀರ್ಮಾನಿಸುವ ಚರ್ಚೆ ಕಚೇರಿಗಳಲ್ಲಷ್ಟೇ ನಡೆದರೆ ಸಾಲದು.

ಇನ್ನು ಬಸ್ಸು ಬಂದರೆ ಪ್ಲಾಸ್ಟಿಕ್ ಬರುತ್ತದೆ, ಗದ್ದಲ ಬರುತ್ತದೆ, ಊರಿಗೆ ದಕ್ಕುವುದು ಸೊನ್ನೆ ಎಂಬ ಭಯ. ಜನ ನುಗ್ಗಿದ ಎಷ್ಟೋ ಜಲಪಾತ, ಬೆಟ್ಟಗಳ ಪಾಡು ನೋಡಿದರೆ ಈ ಭಯ ಸುಳ್ಳಲ್ಲ. ಅದಕ್ಕಾಗಿಯೇ ತಂತಮ್ಮ ಕಾರುಗಳಲ್ಲಿ ಬಂದು ಏರಿಯ ಮೇಲೆ ನಿಲ್ಲಿಸುವ ಪ್ರವಾಸಕ್ಕಿಂತ, ದಿನಕ್ಕೆ ಇಷ್ಟೇ ಬಸ್ಸು, ಬಸ್ಸಿಗೆ ಒಬ್ಬ ಊರಿನ ಮಾರ್ಗದರ್ಶಿ ಎಂಬ ಕಟ್ಟುಪಾಡಿನ ಪ್ರವಾಸ ಮೇಲು. ಊಟ ಊರಿನ ಮಹಿಳಾ ಸ್ವಸಹಾಯ ಸಂಘದ ಕೈಯಲ್ಲಿ ರಾಗಿಮುದ್ದೆ, ಹುರುಳಿಕಾಳು ಬಸ್ಸಾರಿನ ಊಟವಾಗಲಿ. ತೋಟ ಮತ್ತು ಕಣ ತೋರಿಸುವ ರೈತನಿಗೆ ಹಣ ಸಲ್ಲಲಿ. ಶುಲ್ಕದ ಒಂದು ಪಾಲು ಪಂಚಾಯ್ತಿಯ ಮೂಲಕ ಏರಿ ಮತ್ತು ಕೆರೆಗೆ ನೀರು ತರುವ ಕಾಲುವೆಗಳ ರಿಪೇರಿಗೆ ಹೋಗಲಿ. ಗಣಿಬಾಧಿತ ಪ್ರದೇಶಗಳಿಗೆಂದೇ 2015ರ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣವನ್ನು ಶೌಚಾಲಯ, ನೆರಳು, ಕೆರೆ ಪರಿಚಯದ ಪುಟ್ಟ ಕೇಂದ್ರಕ್ಕೆ ಬಳಸಲು ಕೇಳುವ ಹಕ್ಕು ಈ ಊರಿಗಿದೆ. ದಾರಿಯೂ ಕಷ್ಟದ್ದಲ್ಲ: ಬೆಳಿಗ್ಗೆ ಬಿಸಿಲೇರುವ ಮುಂಚೆ ಕೋಟೆಯ ಹೊಂಡಗಳು, ಚಂದ್ರವಳ್ಳಿಯ ಶಾಸನ, ಮಧ್ಯಾಹ್ನಕ್ಕೆ ಭೀಮಸಮುದ್ರದ ಕಣ ಮತ್ತು ಕೆರೆ, ಸಂಜೆ ಹೊಳಲ್ಕೆರೆಯ ಬಯಲು ಗಣಪತಿ; ಎರಡನೆಯ ದಿನಕ್ಕೆ ಹೊಸದುರ್ಗ, ಮಾರಿಕಣಿವೆ, ಹಿರಿಯೂರಿನ ತೇರು ಮಲ್ಲೇಶ್ವರ. ಮೊದಲಿಗೆ ಜಿಲ್ಲೆಯ ಶಾಲೆಗಳ ಪ್ರವಾಸವನ್ನೇ ಸೆಪ್ಟೆಂಬರಿನಿಂದ ಡಿಸೆಂಬರಿನವರೆಗೆ ಈ ದಾರಿಗೆ ತಿರುಗಿಸಿ ನೋಡಬಹುದು; ಆ ತಿಂಗಳುಗಳಲ್ಲಿ ಹಂಡೆಯೂ ಕುದಿಯುತ್ತಿರುತ್ತದೆ, ಮಳೆಯಾಗಿದ್ದರೆ ಕೆರೆಯಲ್ಲಿ ನೀರೂ ಇರುತ್ತದೆ.