ಬೆಂಗ್ರೆಯಲ್ಲಿ ಅಮಲು ಚಾಲನೆಯ ಅರಿವು

ಫಲ್ಗುಣಿ ನದಿಗೂ ಅರಬ್ಬಿ ಸಮುದ್ರಕ್ಕೂ ನಡುವಿನ ಮರಳುದಿಣ್ಣೆಯಾದ ಬೆಂಗ್ರೆಯಿಂದ ಮಂಗಳೂರಿನ ಬಂದರು ಪ್ರದೇಶಕ್ಕೆ ದೋಣಿಯಲ್ಲಿ ದಾಟಬಹುದಾದರೂ, ವಾಹನ ಸವಾರರು ತಣ್ಣೀರುಬಾವಿಯ ಕಡೆಯಿಂದ ಸುತ್ತಿ ಬರಬೇಕಾಗುತ್ತದೆ. ಹಾಗೆ ವಾಹನ ಓಡಿಸುವವರ 100 ಮಿಲಿಲೀಟರ್ ರಕ್ತದಲ್ಲಿ ಮದ್ಯಸಾರ, ಅಂದರೆ ಮದ್ಯದ ಅಮಲೇರಿಸುವ ಅಂಶ, 30 ಮಿಲಿಗ್ರಾಂ ಮೀರಿರುವುದು ಉಸಿರಿನ ಪರೀಕ್ಷೆಯಲ್ಲಿ ಕಂಡುಬಂದರೆ, ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಂತೆ, 2019ರ ತಿದ್ದುಪಡಿಯ ಬಳಿಕ, ಮೊದಲ ತಪ್ಪಿಗೇ 6 ತಿಂಗಳವರೆಗಿನ ಸೆರೆ, 10,000 ರೂಪಾಯಿ ದಂಡ ಅಥವಾ ಎರಡನ್ನೂ ವಿಧಿಸಬಹುದು. ಮಾದಕ ವಸ್ತುವಿನ ಅಮಲಿಗೂ ಇದು ಅನ್ವಯಿಸುತ್ತದೆ. ಆದರೆ ದಂಡದ ಭಯ ತಪಾಸಣೆಯಿರುವ ವೃತ್ತದವರೆಗೆ ಮಾತ್ರ. ಧರ್ಮಸ್ಥಳದ ಜನಜಾಗೃತಿ ವೇದಿಕೆಯು ಊರಿನವರನ್ನೇ ಸೇರಿಸಿಕೊಂಡು ನಡೆಸುತ್ತ ಬಂದಿರುವ ಮದ್ಯವರ್ಜನ ಶಿಬಿರಗಳು ಕುಟುಂಬವನ್ನೂ ಒಳಗೊಳ್ಳುವುದರಿಂದ, ಚಾಲನೆಯ ಪಾಠಕ್ಕೂ ಅದೇ ದಾರಿ ಹೆಚ್ಚು ಸೂಕ್ತ. ಶಾಲೆಯ ಭಾಷಣ ಕಡಲಿಗಿಳಿದ ಇಲ್ಲಿನ ಮೀನುಗಾರರನ್ನು ತಲುಪದು. ಯಾಂತ್ರಿಕ ಮೀನುಗಾರಿಕೆ ನಿಷೇಧವಿರುವ ಜೂನ್-ಜುಲೈನಲ್ಲಿ ಅವರು ದಡದಲ್ಲಿರುವಾಗ, ಬಲೆ ಹೆಣೆಯುವ ಜಾಗದಲ್ಲೇ, ತುಳು ಮತ್ತು ಬ್ಯಾರಿ ಭಾಷೆಗಳಲ್ಲಿ ಆ ಮಾತು ನಡೆಯಬೇಕು.