ತಾಮ್ರ ಒಳ್ಳೆಯ ವಾಹಕ, ಅದಕ್ಕೇ ಅತಿವಾಹಕ ಅಲ್ಲ

ಕೊಡ್ಲಿ ಕಡೆ ಬೋರ್‌ವೆಲ್ ಮೋಟರ್ ಸುಟ್ಟು ರಿವೈಂಡಿಂಗ್‌ಗೆ ಕೊಟ್ಟವರಿಗೆ ತಾಮ್ರದ ಬೆಲೆ ಬಿಡಿಸಿ ಹೇಳಬೇಕಿಲ್ಲ. ಕರೆಂಟು ಸರಾಗವಾಗಿ ಹರಿಯಲು ತಾಮ್ರವೇ ಬೇಕು. ಹಾಗಾದರೆ ಅದನ್ನು ಚೆನ್ನಾಗಿ ತಣಿಸಿದರೆ ತಡೆಯೇ ಇಲ್ಲದ ಅತಿವಾಹಕವಾಗಬೇಕಲ್ಲ ಎಂದು ಹಲವರು ನಂಬಿದ್ದಾರೆ.

ಆಗುವುದಿಲ್ಲ. ತಾಮ್ರ, ಬೆಳ್ಳಿ, ಚಿನ್ನ ಮೂರನ್ನೂ ಎಷ್ಟು ತಣಿಸಿದರೂ ಅತಿವಾಹಕತೆ ಕಂಡಿಲ್ಲ. ಕರೆಂಟಿಗೆ ತಾಮ್ರಕ್ಕಿಂತ ಸುಮಾರು 12 ಪಟ್ಟು ಹೆಚ್ಚು ತಡೆಯೊಡ್ಡುವ ಸೀಸ ಮಾತ್ರ ಮೈನಸ್ 266 ಡಿಗ್ರಿಯಲ್ಲಿ ಅತಿವಾಹಕವಾಗುತ್ತದೆ. ಪರಮಾಣುಗಳ ಕಂಪನಕ್ಕೆ ಎಲೆಕ್ಟ್ರಾನ್ ತಾಗಿದರೆ ತಡೆ ಹುಟ್ಟುತ್ತದೆ. ಕಡುಚಳಿಯಲ್ಲಿ ಎಲೆಕ್ಟ್ರಾನ್‌ಗಳನ್ನು ಜೋಡಿ ಮಾಡಿ ತಡೆಯಿಲ್ಲದೆ ಸಾಗಿಸುವುದೂ ಅದೇ ಕಂಪನ. ತಾಮ್ರದಲ್ಲಿ ಈ ತಾಗಾಟವೇ ಕಡಿಮೆ. ಜಗಳವೇ ಇಲ್ಲದ ಮನೆಗೆ ರಾಜಿ ಪಂಚಾಯ್ತಿ ಎಲ್ಲಿಂದ ಬರಬೇಕು?

ಆದರೂ ತಾಮ್ರ ಬೇರೆ ದಾರಿಯಲ್ಲಿ ಕೆಲಸಕ್ಕೆ ಬಂತು. ಶಹಾಬಾದ್ ಗಣಿಗಳಲ್ಲಿ ಪರ್ಸಿ ಕಲ್ಲು ಪದರಪದರವಾಗಿ ಏಳುವುದನ್ನು ನೋಡಿದ್ದೀರಿ: ಪದರದೊಳಗೆ ಬಿಗಿ, ಪದರಗಳ ನಡುವೆ ಸಡಿಲ. ಬಿಸ್ಮತ್ ಸೆಲೆನೈಡ್ ಹರಳೂ ಹಾಗೆಯೇ. ಒಳಗೆ ಅವಾಹಕವಾಗಿರಬೇಕಾದ, ಮೈಮೇಲೆ ಮಾತ್ರ ಕರೆಂಟು ಹರಿಸುವ, ಮೈ ಗೀಚಿದರೂ ಆ ಗುಣ ಬಿಡದ ಟೊಪೊಲಾಜಿಕಲ್ ವಸ್ತು ಅದು. 2010ರಲ್ಲಿ ಅದರ ಪದರಗಳ ಸಂದಿಗೆ ತಾಮ್ರದ ಪರಮಾಣುಗಳನ್ನು ತೂರಿಸಿದರು. ಹರಳು ಲೋಹದಂತಾಗಿ, ಮೈನಸ್ 269 ಡಿಗ್ರಿಯ ಹತ್ತಿರ ಅತಿವಾಹಕವಾಯಿತು. ತಾಮ್ರ ತಾನೇನೂ ಅತಿವಾಹಕವಾಗಲಿಲ್ಲ. ಪದರಗಳಿಗೆ ಎಲೆಕ್ಟ್ರಾನ್ ಕೈಗಡ ಕೊಟ್ಟಿತು, ಅಷ್ಟೆ.

ಟೊಪೊಲಾಜಿಕಲ್ ವಸ್ತು ಅತಿವಾಹಕವಾದರೆ ಒಂದು ಬಗೆಯ ಕ್ವಾಂಟಂ ಕಂಪ್ಯೂಟರಿಗೆ ಬೇಕಾದ 'ಟೊಪೊಲಾಜಿಕಲ್ ಅತಿವಾಹಕ' ಸಿಕ್ಕಂತೆಯೇ ಎನ್ನುವವರಿದ್ದಾರೆ. ಅದು ಅವಸರದ ಮಾತು. ಎಲೆಕ್ಟ್ರಾನ್‌ಗಳು ಯಾವ ಬಗೆಯಲ್ಲಿ ಜೋಡಿಯಾಗಿವೆ ಎಂಬುದೇ ಮುಖ್ಯ. ಇದೇ ಹರಳಿನಲ್ಲಿ 2011ರ ಒಂದು ಪ್ರಯೋಗಕ್ಕೆ ವಿಶೇಷ ಜೋಡಿಯ ಸುಳಿವು ಸಿಕ್ಕಿತು, 2013ರ ಇನ್ನೊಂದಕ್ಕೆ ಕಂಡದ್ದು ಮಾಮೂಲಿ ಜೋಡಿ.

ತಡೆ ಕುಸಿದರೆ ಸಾಕು, ಅತಿವಾಹಕ ಸಿಕ್ಕಿತು ಎಂದು ಪತ್ರಿಕೆಗಳೂ ನಂಬಿಬಿಡುತ್ತವೆ. ಅಳೆಯುವ ತಂತಿಯ ಸಂಪರ್ಕ ತಪ್ಪಿದರೂ ತಡೆ ಸೊನ್ನೆ ತೋರಿಸಬಹುದು. ವಸ್ತು ಕಾಂತಕ್ಷೇತ್ರವನ್ನು ಹೊರತಳ್ಳುವುದನ್ನೂ ನೋಡಬೇಕು. 2018ರಲ್ಲಿ ಬೆಂಗಳೂರಿನ ಐಐಎಸ್‌ಸಿಯಿಂದ ಚಿನ್ನದೊಳಗಿನ ಬೆಳ್ಳಿ ಕಣಗಳು ಮೈನಸ್ 37 ಡಿಗ್ರಿಯಲ್ಲೇ ಅತಿವಾಹಕ ಎಂಬ ವರದಿ ಬಂದಾಗ ಎರಡನ್ನೂ ತೋರಿಸಲಾಗಿತ್ತು. ಆದರೆ ಬೇರೆ ಬೇರೆ ಕಾಂತಕ್ಷೇತ್ರಗಳ ಎರಡು ಅಳತೆಗಳಲ್ಲಿ, ಪ್ರತಿ ಸಲ ಬೇರೆಯಾಗಿರಬೇಕಾದ ಸಣ್ಣಪುಟ್ಟ ಏರಿಳಿತಗಳು ಪಡಿಯಚ್ಚಿನಂತಿರುವುದನ್ನು ಆಗ ಅಮೆರಿಕದ ಎಂಐಟಿಯಲ್ಲಿದ್ದ ಭೌತವಿಜ್ಞಾನಿ ಬ್ರಯಾನ್ ಸ್ಕಿನ್ನರ್ ಎತ್ತಿ ತೋರಿಸಿದರು. ಚಿನ್ನ-ಬೆಳ್ಳಿಯ ಅತಿವಾಹಕತೆಯ ವಾದ ಇಂದಿಗೂ ವಿಜ್ಞಾನಿಗಳ ಒಪ್ಪಿಗೆ ಪಡೆದಿಲ್ಲ. ಅದೇ ಐಐಎಸ್‌ಸಿಯಲ್ಲಿ 1987ರಲ್ಲಿ ಸಿ.ಎನ್.ಆರ್. ರಾವ್ ತಂಡ ಅಧ್ಯಯನ ಮಾಡಿದ ಇಟ್ರಿಯಂ ಬೇರಿಯಂ ತಾಮ್ರದ ಆಕ್ಸೈಡ್‌ನ ಅತಿವಾಹಕತೆಯನ್ನು ಮಾತ್ರ ಇಂದು ದ್ರವ ಸಾರಜನಕವಿರುವ ಕಾಲೇಜು ಲ್ಯಾಬಿನಲ್ಲೂ ನೋಡಬಹುದು. ಅದೂ ಪದರಪದರವೇ, ಅದರಲ್ಲೂ ತಾಮ್ರವಿದೆ.